ಮನೆಯ ಹತ್ತಿರದ ಸಾಹಸ: ಕೊಳ್ಳೇಗಾಲ ಸೀಮೆಯ ಕಾಲುದಾರಿಗಳು

(ಕಾಲೇಜು ವಿದ್ಯಾರ್ಥಿಗಳ ಚಾರಣ ಬಳಗವೊಂದರ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಬೆಂಗಳೂರು, ಮೈಸೂರಿನವರು ಒಂದು ರಜಾ ದಿನದಲ್ಲಿ ಹೋಗಿ ಬರಬಹುದಾದ ಸಾಹಸ ಪ್ರವಾಸಗಳ ಬಗ್ಗೆ ಮಾತನಾಡಬೇಕೆಂದು ನೀವು ಕೇಳಿದಿರಿ. ಬರೀ ಸ್ಥಳಗಳ ಪಟ್ಟಿಯಾದರೆ ಪ್ರವಾಸಿ ಕೈಪಿಡಿಯಲ್ಲೇ ಸಿಗುತ್ತದೆ. ಅದಕ್ಕಾಗಿ ನಾನು ಇಡೀ ಕರ್ನಾಟಕ ಸುತ್ತುವುದಿಲ್ಲ. ಯಳಂದೂರು, ಕೊಳ್ಳೇಗಾಲ, ಹನೂರು - ಅಕ್ಕಪಕ್ಕದ ಈ ಮೂರು ತಾಲ್ಲೂಕುಗಳನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಮೈಸೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್.

ದೂರ ಹೋಗದೆ, ಹೆಚ್ಚು ಖರ್ಚಿಲ್ಲದೆ, ಒಂದು ಹಗಲು ಅಥವಾ ಒಂದು ರಾತ್ರಿಯಲ್ಲಿ ಮುಗಿಯುವ ಸಾಹಸಕ್ಕೆ ಇಂಗ್ಲಿಷಿನಲ್ಲಿ 'ಮೈಕ್ರೋ ಅಡ್ವೆಂಚರ್' ಎಂಬ ಹೆಸರು ಬಂದಿದೆ. ಅದನ್ನು ಜನಪ್ರಿಯಗೊಳಿಸಿದವರು ಬ್ರಿಟನ್ನಿನ ಅಲಾಸ್ಟೇರ್ ಹಂಫ್ರೀಸ್. 2001ರಿಂದ 2005ರವರೆಗೆ ಸೈಕಲ್ಲಿನಲ್ಲಿ ಜಗತ್ತು ಸುತ್ತಿ ಬಂದ ಮನುಷ್ಯ. ಅಂಥವರು 2011ರಲ್ಲಿ ಲಂಡನ್ನನ್ನು ಬಳಸಿ ಹೋಗುವ ಎಂ-25 ಹೆದ್ದಾರಿಯ ಪಕ್ಕದಲ್ಲೇ ಒಂದು ಸುತ್ತು ನಡೆದರು. ಸಂಜೆ ಐದಕ್ಕೆ ಕಚೇರಿ ಬಿಟ್ಟವನಿಗೆ ಮರುದಿನ ಬೆಳಿಗ್ಗೆ ಒಂಬತ್ತರವರೆಗೆ ಹದಿನಾರು ಗಂಟೆ ಇದೆಯಲ್ಲ, ಅಷ್ಟರಲ್ಲೇ ಒಂದು ಗುಡ್ಡ ಹತ್ತಿ ಮಲಗಿ ಬರಬಹುದು ಎಂಬುದು ಅವರ ವಾದ.

ಹೆಸರು ಹೊಸದು, ಸಂಗತಿ ನಮಗೆ ಹೊಸದಲ್ಲ. ಕೊಳ್ಳೇಗಾಲ ಸೀಮೆಯ ಜನ ಸಣ್ಣ ಪಯಣಗಳನ್ನು ತಲೆಮಾರುಗಳಿಂದ ಮಾಡುತ್ತಲೇ ಬಂದಿದ್ದಾರೆ. ಅವರು ಅದನ್ನು ಹರಕೆ ಎನ್ನುತ್ತಾರೆ, ಜಾತ್ರೆ ಎನ್ನುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರನ್ನು ನೋಡಿ. ತಲೆಯ ಮೇಲೆ ಬುತ್ತಿಗಂಟು, ಬಾಯಲ್ಲಿ 'ಉಘೇ ಮಾದಪ್ಪ'. ಹಲವರಿಗೆ ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲ. ತಾಳಬೆಟ್ಟದ ಬುಡದಿಂದ ಏರು ಶುರು. ಎಪ್ಪತ್ತೇಳು ಮಲೆಗಳ ಒಡೆಯ ಎಂದು ಹಾಡಿಸಿಕೊಳ್ಳುವ ಮಾದಪ್ಪನ ಕಥೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ಆ ಕಥೆಯಲ್ಲಿ ದೇವರೂ ನಡೆಯುವವನೇ. ಸುಸ್ತಾದರೆ ಹತ್ತಲು ಹುಲಿ ಇದೆ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ತಲೆಯ ಮೇಲೆ ನೀರು ಹೊತ್ತು ಬೆಟ್ಟಕ್ಕೆ ನಡೆದು ಬರುತ್ತಾರೆ.

ಬಯಲಲ್ಲಿ ಬಿಡಾರ ಹೂಡುವುದೂ ಇಲ್ಲಿ ಹಳೆಯ ಪದ್ಧತಿ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಪುಷ್ಯದ ಹುಣ್ಣಿಮೆಯಂದು ಚಂದ್ರಮಂಡಲ ಉರಿಸುವುದರೊಂದಿಗೆ ಆರಂಭವಾಗಿ ಐದು ದಿನ ನಡೆಯುತ್ತದೆ. ಮಂಟೇಸ್ವಾಮಿ ಪರಂಪರೆಯ ಒಕ್ಕಲು ಹೊಲಗಳಲ್ಲೇ ಬಿಡಾರ ಕಟ್ಟಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಜಾತಿ ಕೇಳದೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಚಳಿಗಾಲದ ಆಕಾಶದ ಕೆಳಗೆ ಮಲಗುವುದು ಸಾಹಸವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನಾವು ಹೋಗಬಹುದಾದ ದಾರಿಗಳು. ಅರ್ಧ ದಿನ ಇರುವವರಿಗೆ ಯಳಂದೂರು ಸಾಕು. ಅಲ್ಲಿನ ಗೌರೀಶ್ವರ ದೇವಾಲಯದ ಮುಂದಿನ ಮಹಾದ್ವಾರವನ್ನು ಬಳೆ ಮಂಟಪ ಎನ್ನುತ್ತಾರೆ. ಕಲ್ಲಿನಲ್ಲೇ ಒಂದಕ್ಕೊಂದು ಕೊಂಡಿ ಹಾಕಿದಂತೆ ಕಡೆದ ಬಳೆಗಳ ಸರಪಣಿಯಿಂದ ಆ ಹೆಸರು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಊರು ಇದೇ. 'ಹದಿಬದೆಯ ಧರ್ಮ' ಬರೆದ ಸಂಚಿ ಹೊನ್ನಮ್ಮನ ಹೆಸರೂ ಈ ಊರಿನೊಂದಿಗೆ ಸೇರಿಕೊಂಡಿದೆ. ಸುವರ್ಣಾವತಿಯ ಬಯಲಿನಲ್ಲಿ ಕಾಲಾಡಿಸಿ, ಗುಂಬಳ್ಳಿ ಚೆಕ್‌ಪೋಸ್ಟಿನ ಕಡೆಗೆ ಮುಖ ಮಾಡಿದರೆ ಎದುರಿಗೆ ಬಿಳಿಗಿರಿಯ ಸಾಲು ಕಾಣುತ್ತದೆ.

ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರ್. ಬಸ್ಸಿನಲ್ಲೇ ಹೋಗುವುದು ಒಳ್ಳೆಯದು. ಬಯಲಿನ ಕುರುಚಲು ಗಿಡ ಕಳೆದು ಎಲೆ ಉದುರುವ ಕಾಡು, ಅದು ಕಳೆದು ಸದಾ ಹಸಿರಿನ ಕಾಡು - ಒಂದು ಗಂಟೆಯ ದಾರಿಯಲ್ಲಿ ಮೂರು ಬಗೆಯ ಕಾಡನ್ನು ಕಿಟಕಿಯಿಂದ ನೋಡಬಹುದು. ಬಿಳಿಯ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನೆಂದು ಈ ದೇವರು ಸೋಲಿಗರಿಗೆ ಭಾವ. ಭಕ್ತರು ಅವನಿಗೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಒಪ್ಪಿಸುತ್ತಾರೆ. ಅವನೂ ಕಾಡು ಸುತ್ತುವವನು ತಾನೇ! ಕಾಡಿನೊಳಗಿರುವ ದೊಡ್ಡಸಂಪಿಗೆ ಎಂಬ ಬೃಹತ್ ಸಂಪಿಗೆ ಮರ ಸೋಲಿಗರ ದೇವರು. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಎರಡನೆಯದು ಶಿವನಸಮುದ್ರ. ಕಾವೇರಿ ಇಲ್ಲಿ ಎರಡು ಕವಲಾಗಿ, ಮಳವಳ್ಳಿ ಕಡೆಯಲ್ಲಿ ಗಗನಚುಕ್ಕಿಯಾಗಿ, ಕೊಳ್ಳೇಗಾಲದ ಕಡೆಯಲ್ಲಿ ಭರಚುಕ್ಕಿಯಾಗಿ ಧುಮುಕುತ್ತದೆ. ಹಳಬರು ಇದನ್ನು ಈಗಲೂ 'ಬ್ಲಫ್' ಎನ್ನುತ್ತಾರೆ. 1902ರಲ್ಲಿ ಇಲ್ಲಿನ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಇಂದು ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರೂ ಈ ಆಸುಪಾಸಿನಿಂದಲೇ ತೊರೆಕಾಡನಹಳ್ಳಿಗೆ ಹೋಗಿ ಅಲ್ಲಿಂದ ಮೇಲೇರುತ್ತದೆ. ಈ ಜಾಗವನ್ನು ನಾವು ದೂರದ ಊರು ಎಂದುಕೊಂಡರೂ ನಮ್ಮ ದೀಪ, ನೀರು ಎರಡರ ಬೇರೂ ಇಲ್ಲೇ ಇದೆ. ದ್ವೀಪದ ಮಧ್ಯರಂಗನ ಗುಡಿ, 2018ರ ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋದ ಹಳೆಯ ಕಲ್ಲು ಸೇತುವೆ - ಇವನ್ನೆಲ್ಲ ಒಂದು ಹಗಲಿನಲ್ಲಿ ನಡೆದೇ ನೋಡಬಹುದು. ಆದರೆ ನೀರಿಗಿಳಿಯಬೇಡಿ. ಕನ್ನಂಬಾಡಿ, ಕಬಿನಿಯಿಂದ ನೀರು ಬಿಟ್ಟರೆ ಇಲ್ಲಿ ಮಟ್ಟ ಬೇಗನೆ ಏರುತ್ತದೆ, ಬಂಡೆಗಳು ಪಾಚಿಗಟ್ಟಿವೆ.

ಮೂರನೆಯದು ಹನೂರಿನ ಆಚೆಯ ಮಲೆನಾಡು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ನಿಮ್ಮ ತಂದೆ ತಾಯಿ ನಿಮ್ಮ ವಯಸ್ಸಿನವರಾಗಿದ್ದಾಗ ಈ ಕಾಡಿಗೆ ಯಾರೂ ಚಾರಣ ಹೋಗುತ್ತಿರಲಿಲ್ಲ. ಕಾರಣ ವೀರಪ್ಪನ್. ಅವನ ಹುಟ್ಟೂರು ಗೋಪಿನಾಥಂ ಈಗಿನ ಹನೂರು ತಾಲ್ಲೂಕಿನಲ್ಲಿದೆ. ಆ ಊರಿನಲ್ಲಿ ಜನರ ನಡುವೆ ಕೆಲಸ ಮಾಡಿ, ಮಾರಮ್ಮನ ಗುಡಿ ಕಟ್ಟಿಸಿಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರಿನಲ್ಲಿ ಶರಣಾಗುವುದಾಗಿ ನಂಬಿಸಿ ಕೊಂದರು. 1992ರ ಆಗಸ್ಟಿನಲ್ಲಿ ಮೀಣ್ಯಂ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ, ಶಕೀಲ್ ಅಹಮದ್ ಬಲಿಯಾದರು. 1993ರ ಏಪ್ರಿಲಿನಲ್ಲಿ ಪಾಲಾರ್ ಸ್ಫೋಟ. ಇನ್ನೊಂದು ಕಡೆ, ಕಾರ್ಯಾಚರಣೆ ಪಡೆಯ ವಿಚಾರಣೆಯ ಹೆಸರಿನಲ್ಲಿ ಚಿತ್ರಹಿಂಸೆ ಅನುಭವಿಸಿದೆವೆಂದ ಹಳ್ಳಿಗರ ಅಹವಾಲನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಕೇಳಬೇಕಾಯಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ ಮೇಲೆ ಭಯ ಸರಿಯಿತು. ಇಂದು ಗೋಪಿನಾಥಂನಲ್ಲಿ ಪ್ರವಾಸಿ ಶಿಬಿರವಿದೆ. ನಾವು ಸುಲಭವಾಗಿ ಬಸ್ಸಿಳಿಯುವ ಈ ಹಾದಿ ತೆರೆಯುವ ಮೊದಲು ಎರಡೂ ಕಡೆ ಬೆಲೆ ತೆತ್ತವರಿದ್ದಾರೆ ಎಂಬುದು ನೆನಪಿರಲಿ.

ಭಯ ಸರಿದ ಮೇಲೆ ಜನ ಬಂದರು. ಬೆಟ್ಟದಿಂದ ಇಂಡಿಗನತ್ತ ಹಾದು ನಾಗಮಲೆಗೆ ಹೋಗುವ ದಾರಿ ನಗರದ ಚಾರಣಿಗರಲ್ಲಿ ಹೆಸರಾಯಿತು. ಡಾಂಬರಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ, 'ಅಪ್ಪಟ ಕಾಡು' ಎಂದು ಹೊಗಳುವವರನ್ನು ನೀವೂ ಕೇಳಿರಬಹುದು. ಅದೇ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ರಸ್ತೆ, ನೀರು ಇತ್ಯಾದಿ ಮೂಲಸೌಕರ್ಯ ಇಲ್ಲವೆಂಬ ಸಿಟ್ಟು ಸ್ಫೋಟಿಸಿ ಮತಗಟ್ಟೆಯೇ ಧ್ವಂಸವಾಯಿತು. ಮೂರು ದಿನಗಳ ನಂತರ ಮರುಮತದಾನ ನಡೆಸಬೇಕಾಯಿತು. ಈ ಮಲೆಗಳ ಊರುಗಳಿಂದ ರೋಗಿಗಳನ್ನು, ಗರ್ಭಿಣಿಯರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ.

ನಾನು ಇಂದು ಹೇಳಬೇಕೆಂದುಕೊಂಡ ಮಾತು ಇದು. ರಸ್ತೆ ಇಲ್ಲದಿರುವುದು ನಮಗೆ ಒಂದು ದಿನದ ಸಾಹಸ, ಅವರಿಗೆ ವರ್ಷವಿಡೀ ಕಷ್ಟ. ಹಾಗೆಂದು ಹೋಗಬೇಡಿ ಎನ್ನುವುದಿಲ್ಲ. ಇದು ತಿಳಿಯದೆ ಹೋಗಿ ಬಂದರೆ ನಾವು ನೋಡಿದ್ದು ಅರ್ಧ ಮಾತ್ರ.

ರಸ್ತೆ ಮಾಡಿಬಿಡಲಿ ಎಂದು ನಗರದಲ್ಲಿ ಕೂತು ಹೇಳುವುದೂ ಸುಲಭವೇ. 2013ರಲ್ಲಿ ಇದು ಮಲೆ ಮಹದೇಶ್ವರ ವನ್ಯಜೀವಿಧಾಮವಾಯಿತು. ಕಾಡು ಸೀಳಿ ರಸ್ತೆ ಮಾಡಲು ಕಾನೂನಿನ ತೊಡಕುಗಳಿವೆ. ಹುಲಿ, ಆನೆಗಳಿಗೂ ಇದೇ ಮನೆ. 2025ರ ಜೂನಿನಲ್ಲಿ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಕಳೇಬರ ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತವು. ದನ ಕಳೆದುಕೊಳ್ಳುವವರ ಸಂಕಟ, ಕಾಡು ಕಾಯುವವರ ಸಂಕಟ ಎರಡೂ ಒಂದೇ ಕಾಲುದಾರಿಯ ಮೇಲಿವೆ. ಬಿಳಿಗಿರಿಯ ಕಥೆಯೂ ಇಂಥದೇ. 1974ರಲ್ಲಿ ಅದು ಅಭಯಾರಣ್ಯವಾದಾಗ ಸೋಲಿಗರ ಬೇಟೆ, ಬೇಸಾಯ ನಿಂತವು. 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು.

ಇಷ್ಟು ತಿಳಿದರೆ ನಿಯಮಗಳು ಕಿರಿಕಿರಿ ಎನಿಸುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ್ದರಿಂದ ಆನ್‌ಲೈನ್ ನೋಂದಣಿಯಿಲ್ಲದ ಚಾರಣ ಪಥಗಳನ್ನು ಸರ್ಕಾರ ಕೆಲಕಾಲ ಮುಚ್ಚಬೇಕಾಯಿತು. ಕಾಡಿನ ದಾರಿ ಹಿಡಿಯುವ ಮೊದಲು ಇಲಾಖೆಯ ಅನುಮತಿ ಪಡೆಯಿರಿ. ಅದು ಸಿಗದಿದ್ದರೆ ಆ ದಿನ ಯಳಂದೂರಿನ ಬೀದಿ ಸುತ್ತಿ, ಅದೂ ಸಾಹಸವೇ. ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಂಡು ಹೋಗಿ, ಅವರ ಕೂಲಿ ಚೌಕಾಸಿ ಮಾಡಬೇಡಿ. ಊಟ ಅಲ್ಲಿನ ಮನೆ, ಹೋಟೆಲುಗಳಲ್ಲೇ ಮಾಡಿ. ಪ್ಲಾಸ್ಟಿಕ್ಕನ್ನು ವಾಪಸು ತನ್ನಿ.

ಇದಕ್ಕಿಂತ ಒಳ್ಳೆಯ ಪಾಠ ಬೇಕಿದ್ದರೆ ಮಾದಪ್ಪನ ಹಳೆಯ ಪಾದಯಾತ್ರಿಗಳನ್ನು ನೋಡಿ. ಅವರು ಗುಂಪಾಗಿ ನಡೆಯುತ್ತಾರೆ, ಬೇಕಾದಷ್ಟೇ ಹೊರುತ್ತಾರೆ, ದಾರಿಯಲ್ಲಿ ನೀರು ಕೊಟ್ಟವರ ಊರು, ಹೆಸರು ಕೇಳಿ ಮಾತಾಡಿಸುತ್ತಾರೆ. ಕಾಡು ಹೊಗುವಾಗ ಯಾರದೋ ಮನೆ ಹೊಗುತ್ತಿದ್ದೇವೆಂಬ ಎಚ್ಚರ ಅವರಿಗಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಕೊಳ್ಳೇಗಾಲದ ಬಸ್ಸು ಹತ್ತಿ. ವಾಪಸು ಬಂದವರನ್ನು ನಾನು ಎಷ್ಟು ಕಿಲೋಮೀಟರ್ ನಡೆದಿರಿ ಎಂದು ಕೇಳುವುದಿಲ್ಲ, ಯಾರ ಜೊತೆ ಮಾತಾಡಿದಿರಿ ಎಂದು ಕೇಳುತ್ತೇನೆ.