ದುಬಾರಿ ಕೋವಿಯ ಬೆಲೆ ಎಲ್ಲಿದೆ?

ಕೇಶ್ವಾಪುರದ ಯಾವ ದರ್ಜಿಯೂ ಅಳತೆ ತೆಗೆಯದೆ ಕೋಟು ಹೊಲಿಯುವುದಿಲ್ಲ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್, ಪರ್ಡಿ ಕಂಪನಿಗಳೂ ಹಾಗೆಯೇ. ಗಿರಾಕಿಯ ತೋಳು, ಭುಜದ ಅಳತೆಗೆ ಕೋವಿಯ ಮರದ ಹಿಡಿ ಕೆತ್ತುತ್ತವೆ. ಆದರೆ ಅಳತೆಗಷ್ಟೇ ಅಷ್ಟೊಂದು ಹಣವೇ?

ಅಲ್ಲ. ಜೋಡುನಳಿಗೆಯ ರೈಫಲಿನ ಎರಡೂ ಗುಂಡು ಒಂದೇ ಕಡೆ ತಾಗಬೇಕು. ಅದಕ್ಕಾಗಿ ಕುಶಲಕರ್ಮಿ ಹಾರಿಸಿ ನೋಡಿ, ಬೆಸುಗೆ ಬಿಡಿಸಿ, ನಳಿಗೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಹಾರಿಸಬೇಕು. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಗಾಯಗೊಂಡ ಕಾಟಿ ಮೈಮೇಲೆ ನುಗ್ಗುವಾಗ ಎರಡನೇ ಗುಂಡು ತಕ್ಷಣ ಬೆರಳಿಗೆ ಸಿಗುತ್ತದೆ. ಆಗ ಜೀವಕ್ಕಿಂತ ಹಣ ದೊಡ್ಡದಲ್ಲ. ಉಕ್ಕಿನ ಮೇಲಿನ ಹೂಬಳ್ಳಿ ಕೆತ್ತನೆ ಮಾತ್ರ ಗುರಿಗೆ ಎಳ್ಳಷ್ಟೂ ನೆರವಾಗದು. ಅದು ರಾಜರ ಷೋಕಿ.

ಬೆಂಗಳೂರಿನ ಬೇಟೆಗಾರ ಕೆನ್ನೆತ್ ಆಂಡರ್ಸನ್ (1910-1974) ಅವರ ನೆಚ್ಚಿನ ಕೋವಿ ಯಾವುದು? ಕಾರ್ಖಾನೆಯಲ್ಲಿ ತಯಾರಾದ .405 ವಿಂಚೆಸ್ಟರ್, ಪ್ರತಿ ಗುಂಡಿಗೂ ಸನ್ನೆ ಎಳೆಯಬೇಕಾದ ಮಾದರಿ. ನರಭಕ್ಷಕಗಳ ಬೆನ್ನು ಹತ್ತಲು ಅವರಿಗೆ ಅದೇ ಸಾಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇಲೆ ಅಂಥ ಬೇಟೆಯ ಕಾಲ ಮುಗಿಯಿತು.

1909ರಲ್ಲಿ ಆಫ್ರಿಕಕ್ಕೆ ಹೋದ ಥಿಯೋಡರ್ ರೂಸ್‌ವೆಲ್ಟ್ ಬಳಿ ಎರಡೂ ಇದ್ದವು. ಸಿಂಹಕ್ಕೆ ವಿಂಚೆಸ್ಟರ್, ಆನೆಗೆ ಹಾಲೆಂಡ್ ಜೋಡುನಳಿಗೆ. ದುಬಾರಿಯದಕ್ಕೆ ಅವರು ಹಣ ಕೊಟ್ಟಿರಲಿಲ್ಲ. ಅದು ಇಂಗ್ಲೆಂಡಿನ ಅಭಿಮಾನಿಗಳ ಕಾಣಿಕೆ.