ದೊಡ್ಮನೆಯ ರಾಮಕೃಷ್ಣ ಹೆಗಡೆಯವರು
(ಶಿರಸಿಯಲ್ಲಿ ಮಾಡಿದ ಭಾಷಣ)



ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನರಿಗೆ ರಾಮಕೃಷ್ಣ ಹೆಗಡೆಯವರ ಪರಿಚಯ ಮಾಡಿಕೊಡುವುದು ತೋಟಿಗರಿಗೆ ಅಡಿಕೆ ತೋರಿಸಿದಂತೆಯೇ ಸರಿ. ಆದರೆ ನಮ್ಮ ಸೀಮೆಯವರೆಂಬ ಅಭಿಮಾನವು ವಿಚಾರಕ್ಕೆ ಅಡ್ಡ ಬರಬಾರದು. ಕೇವಲ ಹೊಗಳುವುದಕ್ಕಾಗಿ ನಾವು ಇಲ್ಲಿ ನಿಂತಿಲ್ಲ.

1926ರಲ್ಲಿ ಸಿದ್ದಾಪುರದ ದೊಡ್ಮನೆಯಲ್ಲಿ ಅವರ ಜನನ. ಅವರು ಬಾಲಕರಿದ್ದಾಗಲೇ ಈ ಸೀಮೆಯ ರೈತರು ಕರನಿರಾಕರಣೆ ಮಾಡಿ ಭೂಮಿ ಕಳೆದುಕೊಂಡಿದ್ದರು. ಕಾಶೀ ವಿದ್ಯಾಪೀಠದಲ್ಲಿ ಕಲಿತು, ಲಖನೌದಲ್ಲಿ ಕಾಯಿದೆಯ ಪದವಿ ಪಡೆದರು. 1956ರ ನವೆಂಬರ 1ರಂದು ನಮ್ಮ ಜಿಲ್ಲೆಯು ಮುಂಬಯಿಯ ಹಂಗು ಹರಿದು ಕನ್ನಡ ರಾಜ್ಯವನ್ನು ಸೇರಿತಷ್ಟೆ. ಮರುವರ್ಷವೇ ಅವರು ಆ ರಾಜ್ಯದ ವಿಧಾನಸಭೆಯನ್ನು ಹೊಕ್ಕರು. ಮುಂದೆ ಅರ್ಥಮಂತ್ರಿಗಳಾದರು, ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡರು.

ದೆಹಲಿಗೆ ಹೋದದ್ದು ರಾಜ್ಯಸಭೆಯ ಬಾಗಿಲಿನಿಂದ, 1978ರಲ್ಲೊಮ್ಮೆ, 1996ರಲ್ಲೊಮ್ಮೆ. ಲೋಕಸಭೆಯ ಬಾಗಿಲು ಅವರಿಗೆ ತೆರೆಯಲಿಲ್ಲ. 1991ರಲ್ಲಿ ಬಾಗಲಕೋಟೆಯಲ್ಲಿ ಅವರನ್ನು ಸೋಲಿಸಿದವರು, ರೈತರನ್ನು ಕೂಡಿಸಿ ಕೃಷ್ಣೆಗೆ ಒಡ್ಡು ಕಟ್ಟಿಸಿದ ಸಿದ್ದು ನ್ಯಾಮಗೌಡರು. 1998ರಲ್ಲಿ ಕೇಂದ್ರದ ವಾಣಿಜ್ಯ ಮಂತ್ರಿಗಳಾದರು, 2004ರಲ್ಲಿ ತೀರಿಕೊಂಡರು.

1983ರಿಂದ 1988ರ ವರೆಗೆ ಮುಖ್ಯಮಂತ್ರಿಗಳಾಗಿದ್ದಾಗ ಮೂರು ಸಲ ರಾಜೀನಾಮೆ ಕೊಟ್ಟರು. 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷಕ್ಕೆ 28ರಲ್ಲಿ 4 ಸ್ಥಾನಗಳಷ್ಟೇ ಬಂದಾಗ, ಕಾಯಿದೆಯ ಒತ್ತಾಯವಿಲ್ಲದಿದ್ದರೂ ಗದ್ದುಗೆ ಬಿಟ್ಟು ಮತ್ತೆ ಜನರ ಮುಂದೆ ನಿಂತರು. 1985ರಲ್ಲಿ 139 ಸ್ಥಾನ ಗೆದ್ದರು. 1986ರಲ್ಲಿ ಸಾರಾಯಿ ಬಾಟಲಿಯ ಗುತ್ತಿಗೆಯನ್ನು ಉಚ್ಚ ನ್ಯಾಯಾಲಯವು ಖಂಡಿಸಿದಾಗ ಕೊಟ್ಟ ರಾಜೀನಾಮೆಯನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಟೆಲಿಫೋನ್ ಕದ್ದಾಲಿಕೆಯ ಪ್ರಕರಣದಿಂದ 1988ರಲ್ಲಿ ಕೊಟ್ಟದ್ದು ಕೊನೆಯದು. ವಕೀಲಿ ಮಾಡುವ ನಮ್ಮ ಕಣ್ಣಿಗೆ ಮೊದಲನೆಯದೇ ನಿಜವಾದ ರಾಜೀನಾಮೆ. ಕದ್ದಾಲಿಕೆಯ ಕಲೆಯನ್ನು ಮಾತ್ರ, ಎಷ್ಟು ಅಭಿಮಾನವಿದ್ದರೂ, ಒರೆಸಲು ನಮ್ಮಿಂದಾಗದು.

ಅವರ ದೊಡ್ಡ ಕೆಲಸವನ್ನು ನಾವು ಹುಡುಕಬೇಕಾದದ್ದು ಬೇರೆ ಕಡೆ. ಯಲ್ಲಾಪುರದ ಹಳ್ಳಿಗನು ಒಂದು ಬಾವಿಗಾಗಿ ಅರಬೈಲು ಘಟ್ಟ ಇಳಿದು ಕಾರವಾರದ ಕಚೇರಿಯಲ್ಲಿ ಕೈಕಟ್ಟಿ ನಿಲ್ಲುವುದೇಕೆ? ಈ ಪ್ರಶ್ನೆಗೆ 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯಿದೆಯು ಉತ್ತರ ಕೊಟ್ಟಿತು. ಅದನ್ನು ನಡೆಯಿಸಿದವರು, ಕೊಳವೆಬಾವಿಗಳಿಂದ ‘ನೀರುಸಾಬ’ರೆನಿಸಿದ ಮಂತ್ರಿ ಅಬ್ದುಲ್ ನಜೀರಸಾಬರು. 1987ರ ಚುನಾವಣೆಗಳಲ್ಲಿ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲಾಯಿತು. 1993ರ ಹೊಸ ಕಾಯಿದೆಯಲ್ಲಿ ಮಂಡಲವೆಂಬ ಹೆಸರು ಹೋಯಿತು. ಹೆಂಗಸರ ಪಾಲು ಮೂರರಲ್ಲೊಂದಕ್ಕೆ ಏರಿತು.