ಕೊಡಿಯಾಲ್‌ಬೈಲಿನ ಎರಡು ಗುಡ್ಡೆಗಳು



ಮಂಗಳೂರಿನ ಕೊಡಿಯಾಲ್‌ಬೈಲಿನ ಬಾವುಟಗುಡ್ಡೆ ನಿಮಗೆಲ್ಲ ಗೊತ್ತು. ಸುಳ್ಯ, ಪುತ್ತೂರು ಕಡೆಯ ರೈತರು 1837ರ ಏಪ್ರಿಲ್ 5ರಂದು ಈಸ್ಟ್ ಇಂಡಿಯಾ ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಜಾಗ. 13 ದಿನ ಮಂಗಳೂರು ಅವರ ಕೈಯಲ್ಲಿತ್ತು! ಆಮೇಲೆ ಅದು ಲೈಟ್‌ಹೌಸ್ ಹಿಲ್ ಆಯಿತು, ಟಾಗೋರ್ ಪಾರ್ಕ್ ಆಯಿತು, ಸಂತ ಅಲೋಶಿಯಸ್ ಕಾಲೇಜಿನ ಗುಡ್ಡೆಯೂ ಆಯಿತು.

2017ರಲ್ಲಿ ಅಲ್ಲಿನ ರಸ್ತೆಗೆ ವಿಜಯಾ ಬ್ಯಾಂಕನ್ನು ಬೆಳೆಸಿದ ಮೂಲ್ಕಿ ಸುಂದರರಾಮ ಶೆಟ್ಟರ ಹೆಸರಿಡುವ ಮಾತು ಬಂತು. ಕಾಲೇಜಿನ ಹೆಸರೇ ಬೇಕೆಂದರು ಇನ್ನು ಕೆಲವರು. ಊರು ಎರಡಾಯಿತು. ಎರಡು ವರ್ಷದೊಳಗೆ ಆ ಬ್ಯಾಂಕೇ ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು, ಹಾಗಾಗಿ ಶೆಟ್ಟರ ಅಭಿಮಾನಿಗಳ ಸಂಕಟ ನನಗೆ ಅರ್ಥವಾಗುತ್ತದೆ. 2022ರ ನವೆಂಬರಿನಲ್ಲಿ 1837ರ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅಲ್ಲಿ ನಿಂತಿತು. ದಂಗೆಯ ನೆನಪು ತನ್ನ ಜಾಗಕ್ಕೇ ಮರಳಿತಲ್ಲ, ಬಹಳ ಸಂತೋಷಪಟ್ಟೆ.

ಆದರೆ ನನ್ನ ಮನಸ್ಸು ಹೋಗುವುದು ಶೇಡಿಗುಡ್ಡೆಗೆ, ಕುದ್ಮುಲ್ ರಂಗರಾಯರ ಗುಡ್ಡೆಗೆ. ಸಾರಸ್ವತ ಬ್ರಾಹ್ಮಣರು, ವಕೀಲರು. ಸುಖವಾಗಿ ಇರಬಹುದಿತ್ತು. ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಜಾತಿಯವರು ಬಹಿಷ್ಕಾರ ಹಾಕಿದರು. ಆ ಮಕ್ಕಳಿಗೆ ಕಲಿಸಲು ಮೇಷ್ಟ್ರು ಸಿಗುವುದೇ ಕಷ್ಟವಾಗಿತ್ತು. ರಾಯರು ಜಗ್ಗಲಿಲ್ಲ. ಅಕ್ಷರದ ಜೊತೆ ಕೈಕಸುಬನ್ನೂ ಕಲಿಸಿದರು. ಮಗಳು ರಾಧಾಬಾಯಿಯ ಮದುವೆಯನ್ನು ಜಾತಿ ಮೀರಿ ಮಾಡಿದರು; ಆಕೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕುಳಿತರು. 1928ರಲ್ಲಿ ತೀರಿಕೊಳ್ಳುವ ಮುನ್ನ ರಾಯರು ಕೇಳಿದ್ದು ಒಂದೇ: ನನ್ನ ಅಂತ್ಯಕ್ರಿಯೆಯನ್ನು ದಲಿತರೇ ಮಾಡಬೇಕು. ಇದನ್ನು ಹೇಳುವಾಗ ಇಂದಿಗೂ ನನಗೆ ಗಂಟಲು ಕಟ್ಟುತ್ತದೆ.

ಪುರಭವನಕ್ಕೆ ಅವರ ಹೆಸರಿದೆ, ಸರಿ. ಆದರೆ ಅವರು ಬೆವರು ಸುರಿಸಿದ್ದು ಪುರಭವನದಲ್ಲಲ್ಲ, ಶೇಡಿಗುಡ್ಡೆಯಲ್ಲಿ. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ರಸ್ತೆ, ವೃತ್ತ, ಗಡಿಯಾರ ಗೋಪುರಗಳ ಮಾತು ಎಷ್ಟೊಂದು ಆಯಿತು! ಊರಿನ ಚಹರೆ ಬದಲಿಸುವವರು ಬಡಾವಣೆಯ ಹಿರಿಯರನ್ನೂ ಕೂರಿಸಿಕೊಂಡು ಒಮ್ಮೆ ಕೇಳಬೇಕು, ಇಲ್ಲಿ ಯಾವುದು ಉಳಿಯಬೇಕೆಂದು. ಶೇಡಿಗುಡ್ಡೆಯ ಶಾಲೆಯಲ್ಲಿ ಅಜ್ಜ ಅಜ್ಜಿ ಓದಿದ ಮನೆಗಳು ಈ ಊರಲ್ಲಿವೆ. ಆ ಮನೆಯವರ ಮಾತನ್ನು ಮೊದಲು ಬರೆದುಕೊಳ್ಳಲಿ. ಬಾವುಟಗುಡ್ಡೆಯ ಪ್ರತಿಮೆ ನೋಡಲು ಬರುವ ಶಾಲಾಮಕ್ಕಳನ್ನು ಮೇಷ್ಟ್ರುಗಳು ಹಾಗೆಯೇ ಶೇಡಿಗುಡ್ಡೆಗೂ ಕರಕೊಂಡು ಹೋಗಲಿ.